ಅರವತ್ತು ಗೋರಿಗಳ ಮುಂದೆ

ವಿಜಯಪುರದ ಗೋಳಗುಮ್ಮಟಕ್ಕೆ ಹೋದವರೆಲ್ಲ ಮಾಡುವುದನ್ನೇ ನಾವೂ ಮಾಡಿದೆವು. ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಪಿಸುಮಾತಿನ ಗ್ಯಾಲರಿ ತಲುಪಿ, ನಮ್ಮ ನಮ್ಮ ಹೆಸರು ಕೂಗಿದೆವು. ಶಾಲೆಯ ಮಕ್ಕಳ ಒಂದು ದಂಡೇ ಅಲ್ಲಿತ್ತು. ಅವರ ಶಿಳ್ಳೆ, ಕೇಕೆಗಳ ನಡುವೆ ಕೆಳಗೆ ಬಗ್ಗಿ ನೋಡಿದ ತಂಗಿಯ ಮಗಳು, "ಮಾಮಾ, ಅಲ್ಲಿ ಮಲಗಿದವರ ಮೇಲೆ ನಾವು ಇಷ್ಟು ಒದರಬಹುದಾ?" ಎಂದಳು. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹ ಮತ್ತು ಅವನ ಮನೆಯವರ ಗುರುತಿನ ಗೋರಿಗಳು ಕೆಳಗಿನ ಕಟ್ಟೆಯ ಮೇಲಿವೆ. ನಿಜವಾದ ಸಮಾಧಿಗಳು ಇರುವುದು ಅದರಡಿಯ ನೆಲಮಾಳಿಗೆಯಲ್ಲಿ, ಅವರಿಗೇನೂ ಕೇಳಿಸದು ಎಂದು ತಮಾಷೆ ಮಾಡಿ ಮುಗಿಸಿದೆ.

ಇಬ್ರಾಹಿಂ ರೋಜಾ ನೋಡಿ ಹೊರಬಂದಾಗ ಮಧ್ಯಾಹ್ನ ದಾಟಿತ್ತು. ಆಟೋದವರು, "ಸಾಠ್ ಕಬರ್ ನೋಡೂದಿಲ್ಲೇನ್ರಿ ಸರ? ಎಲ್ಲಾರೂ ಹೋಗೂದಿಲ್ರಿ ಅಲ್ಲಿ" ಎಂದರು. ಎಲ್ಲರೂ ಹೋಗದ ಜಾಗವೆಂದರೆ ನನಗೆ ಆಸೆ ಹೆಚ್ಚು.

ಊರ ಹೊರಗೆ, ಹೊಲಗಳ ಪಕ್ಕದಲ್ಲಿ, ಕಪ್ಪು ಕಲ್ಲಿನ ಗೋರಿಗಳು ಸಾಲುಸಾಲಾಗಿವೆ. ಅಳತೆಯಲ್ಲಿ ಹೆಚ್ಚು ಕಡಿಮೆ ಒಂದೇ. ಮೇಲ್ಭಾಗ ಚಪ್ಪಟೆ, ಹಾಗಿದ್ದರೆ ಹೆಂಗಸರದೆಂದು ಲೆಕ್ಕ. ಕೆಲವು ಒಡೆದಿವೆ. ಆಟೋದವರು ಕತೆ ಹೇಳಿದರು: 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫಜಲ್ ಖಾನನಿಗೆ, ನೀನು ತಿರುಗಿ ಬರುವುದಿಲ್ಲ ಎಂದು ಜ್ಯೋತಿಷಿ ಹೇಳಿದನಂತೆ. ತನ್ನ ನಂತರ ಇವರು ಬೇರೆಯವರ ಪಾಲಾಗಬಾರದೆಂದು ಹೆಂಡಿರನ್ನೆಲ್ಲ ಕೊಂದನಂತೆ. "ಎಷ್ಟ್ ಮಂದಿ ಹೇಳ್ರಿ ನೋಡೂಣು?" ಎಂದು ಸ್ವಲ್ಪ ತಡೆದು, "ಅರವತ್ಮೂರ್ ಮಂದಿರಿ!" ಎಂದರು.

ಗೆಳತಿಯರ ಜೊತೆ ಬಂದಿದ್ದರೆ ಏನು ಮಾಡುತ್ತಿದ್ದಳೋ, ಹುಡುಗಿ ಫೋನನ್ನು ಚೀಲಕ್ಕೆ ಹಾಕಿದಳು. ನಾನು ಓದಿಕೊಂಡವನ ಗತ್ತಿನಲ್ಲಿ, ಖಾನ ಪ್ರತಾಪಗಡದ ಬಳಿ ಸತ್ತದ್ದು ಇತಿಹಾಸ, ಇದು ಮಾತ್ರ ಜನರ ಬಾಯಲ್ಲಿ ಬೆಳೆದ ಕತೆ ಇರಬೇಕು ಎಂದೆ.

"ಕತೆ ಸುಳ್ಳಾದರೆ ಗೋರಿಗಳೂ ಸುಳ್ಳಾ ಮಾಮಾ? ಇವರ ಹೆಸರೇನು?"

ಹೆಸರು ಎಲ್ಲಿಯೂ ಕಾಣಲಿಲ್ಲ. ನನಗೆ ಇರುಸುಮುರುಸಾಯಿತು. ಕತೆ ನಂಬಿದವರು ಮೈ ಜುಮ್ಮೆನಿಸಿಕೊಂಡು ಆಟೋ ಹತ್ತುತ್ತಾರೆ. ನನ್ನಂಥವರು ಪುರಾವೆ ಇಲ್ಲವೆಂದು ಕೈತೊಳೆದುಕೊಂಡು ಅದೇ ಆಟೋ ಹತ್ತುತ್ತೇವೆ. ಅನುಮಾನಪಡುವುದು ಪ್ರಾಮಾಣಿಕತೆ ಎಂದು ಅಂದುಕೊಂಡಿದ್ದೆ. ಅಲ್ಲಿ ನಿಂತಾಗ ಅದು ದುಃಖದಿಂದ ತಪ್ಪಿಸಿಕೊಳ್ಳುವ ಉಪಾಯವೂ ಆಗಿತ್ತು. ಕೊಲೆಯಾದರೋ, ಬೇನೆ ಬಂದು ಹೋದರೋ, ಇಷ್ಟು ಹೆಂಗಸರು ಯಾರದೋ ಮನೆಯ ಮಕ್ಕಳಾಗಿದ್ದರು ಎಂಬುದಕ್ಕೆ ಯಾವ ದಾಖಲೆ ಬೇಕು? ಮತ್ತೆ, ಕತೆ ಖಾನನ ಭಯದ್ದೇ, ಖಾನನ ಸಾವಿನದ್ದೇ. ಇವರ ಪಾಲಿಗೆ ಉಳಿದದ್ದು ಒಂದು ಸಂಖ್ಯೆ. ಜಾಗದ ಹೆಸರಿನಲ್ಲಿ 60, ಹೇಳುವವರ ಬಾಯಲ್ಲಿ 63.

ಹಾಗಾದರೆ ಹೋಗಲೇಬಾರದಿತ್ತೇ? ಅದೂ ಸರಿಯೆನಿಸದು. ಯಾರೂ ಹೋಗದಿದ್ದರೆ ಆ ಕಲ್ಲುಗಳು ಒಂದೊಂದಾಗಿ ಯಾರದೋ ಪಾಗಾರಕ್ಕೆ ಸೇರಿಯಾವು. ಆಟೋದವರನ್ನು ದೂರುವಂತೆಯೂ ಇಲ್ಲ. ಆ ದಿನ ಆ ಹೆಂಗಸರ ವಿಷಯ ಎತ್ತಿದವರು ಅವರೊಬ್ಬರೇ.

ವಾಪಸು ಬಂದ ಮರುವಾರ ಮನೆಗೆ ಗೆಳೆಯರು ಬಂದಿದ್ದರು. ಪ್ರವಾಸ ಹೇಗಿತ್ತು ಎಂದರು. ಗುಮ್ಮಟ, ರೋಜಾ ಎರಡು ಮಾತಿನಲ್ಲಿ ಮುಗಿದವು. ಆಮೇಲೆ ಸಾಠ್ ಕಬರ್ ಬಂತು. ಎಲ್ಲರೂ ಚಹಾ ಕೆಳಗಿಟ್ಟು ಕೇಳತೊಡಗಿದರು. "ಎಷ್ಟು ಜನ ಹೇಳಿ ನೋಡೋಣ?" ಎಂದು ನಾನು ಸ್ವಲ್ಪ ತಡೆದೆ. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಮುಖ ಕಾಣಿಸಿತು.