ಮೌನವೂ ಸುಳ್ಳಾಗುತ್ತದೆಯೇ?

ಇಂದಿನ ಚಿಂತನೆ: ನಾಲ್ಕನೇ ಶೀಲ

ಕಳೆದ ಬೇಸಿಗೆಯಲ್ಲಿ ಮಗಳು, ಅಳಿಯನ ಜೊತೆ ಕೆನಡಾದ ಅಲಾಸ್ಕಾ ಹೆದ್ದಾರಿಯಲ್ಲಿ ಆರ್‌ವಿಯಲ್ಲಿ ಹೋಗಿದ್ದೆ. ಅಡುಗೆ, ಹಾಸಿಗೆ ಎಲ್ಲ ಇರುವ ಗಾಡಿ ಅದು. ಡಾಸನ್ ಕ್ರೀಕ್ ಬಿಟ್ಟ ಮೇಲೆ ಗಂಟೆಗಟ್ಟಲೆ ಕಾಡು, ಬೆಟ್ಟ, ನದಿ. ಬೆಳಿಗ್ಗೆ ಗಾಡಿಯಲ್ಲೇ ತಿಸರಣ, ಪಂಚಶೀಲ ಹೇಳಿ ಹೊರಡುತ್ತಿದ್ದೆವು.

ವಾಟ್ಸನ್ ಲೇಕ್ ಊರಿನಲ್ಲಿ ಫಲಕಗಳ ಕಾಡೇ ಇದೆ. 1942ರಲ್ಲಿ ರಸ್ತೆ ಕೆಲಸಕ್ಕೆ ಬಂದ ಸೈನಿಕನೊಬ್ಬ ತನ್ನ ಊರಿನ ಹೆಸರು ಬರೆದು ನಿಲ್ಲಿಸಿದ. ಈಗ ಹತ್ತಾರು ಸಾವಿರ ಫಲಕಗಳು. ಬಂದವರೆಲ್ಲ ‘ನಾನು ಇಂಥ ಕಡೆಯವನು’ ಎಂದು ಹೇಳುವ ಜಾಗ.

ಅಲ್ಲೇ ನಮ್ಮ ಕನ್ನಡ ಕೇಳಿ ಹಿರಿಯರೊಬ್ಬರು ಓಡಿಬಂದರು. ಮೈಸೂರು ಕಡೆಯವರು. ಸಂತೋಷದಿಂದ ಮಾತಾಡುತ್ತ ಮೆಲ್ಲಗೆ ಕೇಳಿದರು: “ತಾವು ಯಾವ ಪೈಕಿ?” ನಾನು ನಕ್ಕು ಸುಮ್ಮನಾದೆ. “ನಮ್ಮವರೇ ಇರಬೇಕು ಬಿಡಿ” ಎಂದು ಪುಳಿಯೋಗರೆ ಡಬ್ಬಿ ಕೊಟ್ಟರು, ಫೋನ್ ನಂಬರೂ ಕೊಟ್ಟರು. ನಾನು ತಿಂದೆ.

ರಾತ್ರಿ ಮಗಳು ಕೇಳಿದಳು: “ಅಪ್ಪಾ, ಯಾಕೆ ಹೇಳಲಿಲ್ಲ?”

“ನಾನೇನು ಸುಳ್ಳು ಹೇಳಿದೆನಾ?” ಅಂದೆ. ಆದರೆ ನಿದ್ದೆ ಬರಲಿಲ್ಲ. ಚೇತನವೇ ಕಮ್ಮ ಎಂದವರು ಭಗವಾನರು. ನನ್ನ ಬಾಯಿ ಸುಳ್ಳಾಡಲಿಲ್ಲ, ನಿಜ. ಅವರು ತಪ್ಪು ತಿಳಿಯಲಿ ಎಂದು ಮನಸ್ಸು ಬಯಸಿತ್ತು. ಬಾಡಿಗೆ ಮನೆ ಸಿಗದೆ, ಪ್ರಾಣಭಯದಿಂದ ಗುರುತು ಮುಚ್ಚಿಡುವವರಿದ್ದಾರೆ. ಅಲ್ಲಿ ದೋಷ ಕೇಳುವವರದು. ನನಗೆ ಅಲ್ಲಿ ಯಾವ ಅಪಾಯವಿತ್ತು? ಉಳಿಸಿಕೊಂಡದ್ದು ಒಂದು ಗಳಿಗೆಯ ಮರ್ಯಾದೆ ಮಾತ್ರ.

ಎರಡು ದಿನದ ನಂತರ ಬೀವರ್ ಕ್ರೀಕ್ ತಲುಪಿದೆವು. 1942ರ ಅಕ್ಟೋಬರ್ 25ರಂದು ಅಲ್ಲಿ ಎರಡು ದಿಕ್ಕಿನಿಂದ ದಾರಿ ಕಡಿಯುತ್ತ ಬಂದ ಬುಲ್ಡೋಜರ್‌ಗಳು ಎದುರಾದವು. ಒಂದರಲ್ಲಿ ಕಪ್ಪು ಸೈನಿಕ ರಿಫೈನ್ಸ್ ಸಿಮ್ಸ್, ಇನ್ನೊಂದರಲ್ಲಿ ಬಿಳಿಯ ಸೈನಿಕ ಆಲ್ಫ್ರೆಡ್ ಜಲುಫ್ಕಾ. ರಸ್ತೆ ಕಟ್ಟಿದ ಸೈನಿಕರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಕಪ್ಪು ಜನ. ಆಗ ಅಮೆರಿಕದ ಸೇನೆಯಲ್ಲಿ ಅವರಿಗೆ ಬೇರೆಯೇ ದಳ. ದಶಕಗಟ್ಟಲೆ ಅವರ ದುಡಿಮೆಯ ಮಾತೇ ಅಪರೂಪವಾಗಿತ್ತು. ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ನನ್ನ ಮೌನವೂ ಅದೇ ಜಾತಿಯದು. ಬಾಬಾಸಾಹೇಬರು ಕಡಿದು ಕೊಟ್ಟ ದಾರಿಯಲ್ಲಿ ಇಷ್ಟು ದೂರ ಬಂದು, ದಾರಿ ಮಾಡಿದವರ ಹೆಸರನ್ನೇ ನುಂಗಿದ್ದೆ.

ಸಿಗ್ನಲ್ ಸಿಕ್ಕ ಕೂಡಲೇ ಆ ಹಿರಿಯರಿಗೆ ಬರೆದೆ: “ಊಟಕ್ಕೆ ಧನ್ಯವಾದ ಸಾರ್. ಅವತ್ತು ಹೇಳಲಿಲ್ಲ. ನಾವು ಬಾಬಾಸಾಹೇಬರ ದಾರಿಯ ಬೌದ್ಧರು. ‘ನಮ್ಮವರು’ ಅಂದಿರಿ. ಈಗಲೂ ಹಾಗೇ ಅಂದರೆ ಸಂತೋಷ.”

ಎರಡು ನೀಲಿ ಗೆರೆ ಬಂದವು. ಉತ್ತರ ಇನ್ನೂ ಬಂದಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬಂತು.

ಇಂದು ನಮ್ಮನ್ನೇ ಕೇಳಿಕೊಳ್ಳೋಣ: ನನ್ನ ಮೌನ ಯಾರನ್ನು ಕಾಯುತ್ತಿದೆ? ಯಾರನ್ನು ಅಳಿಸುತ್ತಿದೆ?

ಭವತು ಸಬ್ಬ ಮಂಗಲಂ 🙏