ವಿಶ್ವವಿದ್ಯಾಲಯದ ವಿದ್ಯೆಯೂ ಲೋಕಹಿತವೂ

ಮಗನನ್ನೋ ಮಗಳನ್ನೋ ವಿಶ್ವವಿದ್ಯಾಲಯಕ್ಕೆ ಕಳುಹಿಸುವ ಗೃಹಸ್ಥನು ಸಾಮಾನ್ಯವಾಗಿ ಎರಡು ಫಲಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾನೆ. ಮೊದಲನೆಯದು ಜೀವನೋಪಾಯ, ಇದನ್ನು ಅವನು ಬಾಯಿಬಿಟ್ಟು ಹೇಳುತ್ತಾನೆ. ಎರಡನೆಯದು, ಓದಿದವರಿಂದ ಮನೆಗೂ ಊರಿಗೂ ನಾಲ್ಕು ಜನಕ್ಕೂ ಒಳ್ಳೆಯದಾದೀತೆಂಬ ಹಂಬಲ. ಇದನ್ನು ಹೇಳದಿದ್ದರೂ ಒಳಗೆ ಕಾಪಾಡಿಕೊಂಡಿರುತ್ತಾನೆ. ತೋಟವನ್ನು ಭೋಗ್ಯಕ್ಕೆ ಕೊಟ್ಟು ಶುಲ್ಕ ಕಟ್ಟುವ ತಂದೆಯ, ಕೊರಳಿನ ಒಡವೆಯನ್ನು ಅಡವಿಡುವ ತಾಯಿಯ ತ್ಯಾಗಕ್ಕೆ ಮೊದಲನೆಯ ಫಲವೊಂದೇ ಸಾಟಿಯಾಗಲಾರದು. ಆದುದರಿಂದ ಎರಡನೆಯದನ್ನು ಕುರಿತು ವಿಚಾರಿಸುವುದು ಯುಕ್ತವಾಗಿದೆ. ವಿಶ್ವವಿದ್ಯಾಲಯದ ಓದು ಮನುಷ್ಯನನ್ನು ಲೋಕಹಿತಕ್ಕೆ ಅಣಿಗೊಳಿಸುವುದೇ? ಅಹುದಾದರೆ ಯಾವ ಬಗೆಯಿಂದ, ಎಷ್ಟರ ಮಟ್ಟಿಗೆ?

ಇಲ್ಲಿ ಪೂರ್ವಪಕ್ಷವು ಪ್ರಬಲವಾಗಿಯೇ ಇದೆ. ಲೋಕದಲ್ಲಿ ಕೆರೆ ಕಟ್ಟಿಸಿದವರು, ಸಾಲುಮರ ನೆಡಿಸಿದವರು, ಬರಗಾಲದಲ್ಲಿ ಗಂಜಿ ಹುಯ್ಯಿಸಿದವರು ಪದವೀಧರರಾಗಿರಲಿಲ್ಲ. ಅಕ್ಷರವರಿಯದ ಸೂಲಗಿತ್ತಿಯು ಊರಿನ ಅರ್ಧದಷ್ಟು ಮಕ್ಕಳನ್ನು ಭೂಮಿಗೆ ತಂದವಳು. ಮತ್ತೊಂದು ಕಡೆ, ಪದವಿ ಪಡೆದವರಲ್ಲಿ ಹಲವರು ಊರಿಗೆ ಬೆನ್ನು ಹಾಕಿ ಹೋಗುತ್ತಾರೆ. ಕೆಲವರು ಕಲಿತ ಜಾಣ್ಮೆಯನ್ನು ಬಲ್ಲದವರನ್ನು ವಂಚಿಸುವುದಕ್ಕೇ ಬಳಸುತ್ತಾರೆ. ಹೀಗಿರುವಾಗ ಒಳ್ಳೆಯತನಕ್ಕೂ ಪದವಿಗೂ ಕಾರ್ಯಕಾರಣ ಸಂಬಂಧವೆಲ್ಲಿಯದು ಎಂದು ಪೂರ್ವಪಕ್ಷಿಯು ಕೇಳುತ್ತಾನೆ. ಈ ಆಕ್ಷೇಪವನ್ನು ನಗೆಯಿಂದ ತಳ್ಳಿಹಾಕುವಂತಿಲ್ಲ. ಆದರೆ ಒಂದು ದೃಷ್ಟಾಂತವನ್ನು ಪರಿಶೀಲಿಸಿದ ಬಳಿಕ ಇದನ್ನು ತೂಗುವುದು ಮೇಲು.

ಮಲೆನಾಡಿನ ಅಡಕೆ ತೋಟಗಳಿಗೆ ಕೊಳೆರೋಗವೆಂಬುದು ಹಳೆಯ ಶತ್ರು. ಮುಂಗಾರು ಹಿಡಿದು ಬಿಡದೆ ಸುರಿಯುವಾಗ ಎಳೆಯ ಕಾಯಿ ಕೊಳೆತು ಉದುರಿ, ವರ್ಷದ ಫಸಲು ಮರದ ಬುಡದಲ್ಲಿ ಮಣ್ಣಾಗುತ್ತಿತ್ತು. ರೈತರು ಸುಮ್ಮನೆ ಕುಳಿತಿರಲಿಲ್ಲ. ಕೊನೆಗಾರರನ್ನು ಮರ ಹತ್ತಿಸಿ, ಒಂದೊಂದು ಗೊನೆಗೂ ಮಳೆಯ ನೀರು ತಾಗದಂತೆ ಕೊಟ್ಟೆ ಕಟ್ಟಿಸುತ್ತಿದ್ದರು. ಅದು ಅನುಭವದಿಂದ ಬಂದ ಉಪಾಯ. ಆದರೆ ರೋಗದ ಮೂಲವಾವುದೆಂಬುದು ಅವರಿಗೆ ತಿಳಿದಿರಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿದ್ವಾಂಸರು ಬಂದರು. ಟೊರಾಂಟೋ ವಿಶ್ವವಿದ್ಯಾಲಯದಲ್ಲಿಯೂ ಜರ್ಮನಿಯ ಗಟ್ಟಿಂಗೆನ್ನಿನಲ್ಲಿಯೂ ಓದಿದ್ದ ಅವರು ಸಸ್ಯರೋಗಗಳನ್ನೂ ಕೀಟಗಳನ್ನೂ ಶಾಸ್ತ್ರೀಯವಾಗಿ ಅರಿತವರು. ಕೊಳೆತ ಕಾಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಬೂಷ್ಟನ್ನು ಹೋಲುವ ಒಂದು ಸೂಕ್ಷ್ಮಜೀವಿಯೇ ಇದಕ್ಕೆ ಕಾರಣವೆಂದು ಗೊತ್ತುಮಾಡಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವಂತೆ ಸೂಚಿಸಿದರು. 1910ರಲ್ಲಿ ಅವರ ಶೋಧನೆಯು ಪ್ರಕಟವಾಯಿತು. ಒಂದು ಶತಮಾನ ಕಳೆದರೂ ಮಲೆನಾಡು ಕರಾವಳಿಗಳ ತೋಟಗಳಲ್ಲಿ ಮಳೆ ಹಿಡಿಯುವ ಮುನ್ನ ಈ ದ್ರಾವಣವನ್ನು ಹೊಡೆಯುವ ವಾಡಿಕೆ ನಿಂತಿಲ್ಲ.

ಈ ದ್ರಾವಣದ ಹುಟ್ಟು ಇನ್ನೂ ಸ್ವಾರಸ್ಯವಾದದ್ದು. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕಿತ್ತು ತಿನ್ನದಿರಲೆಂದು ತೋಟಗಾರರು ದಾರಿಯಂಚಿನ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣಗಳ ಮಿಶ್ರಣವನ್ನು ಬಳಿಯುತ್ತಿದ್ದರು. ನೋಡಿದವರಿಗೆ ವಿಷವೆಂದು ತೋರಬೇಕೆಂಬುದಷ್ಟೇ ಅವರ ಉದ್ದೇಶ. 1882ರಲ್ಲಿ ಆ ಮಾರ್ಗವಾಗಿ ಬಂದ ಮಿಲ್ಲಾರ್ಡೆ ಎಂಬ ಸಸ್ಯಶಾಸ್ತ್ರದ ಅಧ್ಯಾಪಕನು, ರೋಗ ತಗುಲಿ ಒಳಗಿನ ಬಳ್ಳಿಗಳ ಎಲೆ ಉದುರಿದ್ದರೂ ಬಣ್ಣ ಬಳಿದ ಬಳ್ಳಿಗಳು ಹಸುರಾಗಿರುವುದನ್ನು ಕಂಡನು. ಅದೇ ಬಳ್ಳಿಗಳನ್ನು ಅವನಿಗಿಂತ ಮುಂಚೆ ಎಷ್ಟೋ ಮಂದಿ ನೋಡಿರಬೇಕು. ನೋಡಿದವರು ಹಲವರು, ಕೇಳಿಕೊಂಡವನು ಒಬ್ಬ. ರಸಾಯನಶಾಸ್ತ್ರದ ಅಧ್ಯಾಪಕನೊಬ್ಬನ ನೆರವು ಪಡೆದು, ಪ್ರಯೋಗ ನಡೆಸಿ, 1885ರಲ್ಲಿ ಅವನು ಅದನ್ನು ಲೋಕಕ್ಕೆ ಸಾರಿದನು. ಕಳ್ಳರನ್ನು ಬೆದರಿಸಲು ಬಳಿದ ಬಣ್ಣವು ಈ ರೀತಿಯಾಗಿ ಸಾವಿರಾರು ಹರದಾರಿಗಳಾಚೆಯ ಅಡಕೆ ಬೆಳೆಗಾರನ ಅನ್ನವನ್ನು ಉಳಿಸಿತು.

ಈ ದೃಷ್ಟಾಂತದಿಂದ ವಿಶ್ವವಿದ್ಯಾಲಯದ ಓದು ಕೊಡುವುದೇನೆಂಬುದು ವಿಶದವಾಗುವುದು. ಮೊದಲನೆಯದು ಪರೀಕ್ಷಕ ದೃಷ್ಟಿ. ಕಂಡದ್ದನ್ನು ಕಂಡಂತೆಯೇ ಬಿಡದೆ ಏಕೆಂದು ಕೇಳುವ, ಕೇಳಿದ್ದಕ್ಕೆ ಬಂದ ಉತ್ತರವನ್ನು ಒರೆಗೆ ಹಚ್ಚುವ ಅಭ್ಯಾಸ. ಎರಡನೆಯದು ಸಹವಾಸ, ಸಸ್ಯಶಾಸ್ತ್ರಜ್ಞನು ರಸಾಯನಶಾಸ್ತ್ರಜ್ಞನ ಕೋಣೆಯ ಬಾಗಿಲನ್ನು ತಟ್ಟಬಲ್ಲಂತೆ, ಬೇರೆ ಬೇರೆ ಕುಲ, ನಾಡು, ಶಾಸ್ತ್ರಗಳವರು ಒಂದೇ ಸೂರಿನಡಿ ಕಲೆಯುವ ಅವಕಾಶ. ಮೂರನೆಯದು ಪರಂಪರೆ, ಒಂದು ದೇಶದಲ್ಲಿ ಒಬ್ಬನು ಕಂಡುಕೊಂಡದ್ದು ಬರೆಹಕ್ಕೆ ಇಳಿದು, ಇನ್ನೊಂದು ದೇಶದ ಮತ್ತೊಬ್ಬನ ಕೈಗೆ ಉಪಕರಣವಾಗಿ ಬರುವ ವ್ಯವಸ್ಥೆ. ಈ ಮೂರೂ ಇಲ್ಲದಿದ್ದಲ್ಲಿ ಸದಿಚ್ಛೆಯುಳ್ಳವನು ಗೊನೆಗೆ ಕೊಟ್ಟೆ ಕಟ್ಟುವಲ್ಲಿಗೆ ನಿಲ್ಲುವನು. ಕೊಟ್ಟೆ ಕಟ್ಟುವುದು ಕೀಳಲ್ಲ. ಆದರೆ ರೋಗದ ಮೂಲವನ್ನು ಬಲ್ಲವನ ದಯೆಯು ಹೆಚ್ಚು ದೂರ ಹೋಗುವುದು. ಸೂಲಗಿತ್ತಿಯ ವಾತ್ಸಲ್ಯಕ್ಕೆ ಕೊರತೆಯಿರಲಿಲ್ಲ. ಕೈತೊಳೆಯದ ಬೆರಳಿನಿಂದ ಬಾಣಂತಿಗೆ ನಂಜೇರುವುದೆಂಬ ತಿಳಿವಿಗೆ ಕೊರತೆಯಿತ್ತು. ಪೂರ್ವಪಕ್ಷದ ಮೊದಲ ಭಾಗಕ್ಕೆ ಇದು ಸಮಾಧಾನ.

ಎರಡನೆಯ ಭಾಗವು ಇಷ್ಟು ಸುಲಭವಲ್ಲ. ಜರ್ಮನಿಯ ಫ್ರಿಟ್ಜ್ ಹಾಬರನು ಕಾರ್ಲ್ಸ್‌ರೂಹೆಯಲ್ಲಿ ಅಧ್ಯಾಪಕನಾಗಿದ್ದಾಗ, 1909ರಲ್ಲಿ ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಅಮೋನಿಯವಾಗಿ ಪರಿವರ್ತಿಸುವ ವಿಧಾನವನ್ನು ಸಾಧಿಸಿದನು. ಇಂದು ಲೋಕದ ಕೋಟ್ಯಂತರ ಜನರ ಅನ್ನಕ್ಕೆ ಆ ಗೊಬ್ಬರವೇ ಆಧಾರ. ಅದೇ ಹಾಬರನು 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಎಂಬಲ್ಲಿ ಶತ್ರುಸೈನ್ಯದ ಮೇಲೆ ಕ್ಲೋರಿನ್ ವಿಷಾನಿಲವನ್ನು ಬಿಡಿಸುವ ಕಾರ್ಯದ ಮುಂದಾಳಾದನು. ವಿದ್ಯೆ ಒಂದೇ, ಬುದ್ಧಿ ಒಂದೇ, ಪ್ರಯೋಗಶಾಲೆಯ ಶಿಸ್ತೂ ಒಂದೇ. ಫಲ ಮಾತ್ರ ಒಮ್ಮೆ ಅನ್ನ, ಒಮ್ಮೆ ಮರಣ. 1918ನೆಯ ವರ್ಷದ ನೊಬೆಲ್ ಬಹುಮಾನವು ಅವನಿಗೆ ಅನ್ನದ ವಿದ್ಯೆಗಾಗಿ ಸಂದಿತು. ಆದರೆ ಈಪ್ರ್‌ನಲ್ಲಿ ಉಸಿರುಗಟ್ಟಿ ಸತ್ತವರಿಗೆ ಆ ಬಹುಮಾನದಿಂದ ಏನು?

ಇಲ್ಲಿ ನೈಯಾಯಿಕರ ವಿವೇಚನೆ ಸಹಾಯಕ್ಕೆ ಬರುತ್ತದೆ. ಅವರ ಮತದಲ್ಲಿ ಜ್ಞಾನದಿಂದ ಇಚ್ಛೆ, ಇಚ್ಛೆಯಿಂದ ಪ್ರಯತ್ನ, ಪ್ರಯತ್ನದಿಂದ ಕ್ರಿಯೆ. ಜ್ಞಾನಕ್ಕೂ ಕ್ರಿಯೆಗೂ ನಡುವೆ ಇಚ್ಛೆಯೆಂಬುದೊಂದು ಹೊಸ್ತಿಲಿದೆ. ಇದರಿಂದ ಇಷ್ಟವಾದುದು ಸಿದ್ಧಿಸುವುದೆಂದು ಜ್ಞಾನವು ತಿಳಿಸಬಲ್ಲದು. ಆದರೆ ಯಾವುದು ಇಷ್ಟವಾಗಬೇಕೆಂಬುದನ್ನು ರಸಾಯನಶಾಸ್ತ್ರವಾಗಲಿ ಗಣಿತವಾಗಲಿ ಕಲಿಸುವುದಿಲ್ಲ. ಮೈಲುತುತ್ತದ ಗುಣವನ್ನು ಅರಿತವನು ಕಾಯಿಗಾಗಿ ಕರಗುವನೋ ಕಾಸಿಗಾಗಿ ಕರಗುವನೋ ಎಂಬುದು ಮೈಲುತುತ್ತದೊಳಗೆ ಬರೆದಿಲ್ಲ.

ಪ್ರಾಚೀನರು ಈ ಮರ್ಮವನ್ನು ಬಲ್ಲವರಾಗಿದ್ದರು. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಆಚಾರ್ಯನು ಶಿಷ್ಯನಿಗೆ ವೇದವನ್ನು ಪೂರ್ತಿಯಾಗಿ ಕಲಿಸಿದ ತರುವಾಯ ಅನುಶಾಸನ ಮಾಡುವ ಪ್ರಸಂಗವಿದೆ. ವೇದವೇ ಸಾಕಾಗಿದ್ದರೆ ಬೇರೆ ಅನುಶಾಸನವೇಕೆ? ಸತ್ಯವನ್ನು ನುಡಿ, ಕೊಡುವಾಗ ಶ್ರದ್ಧೆಯಿಂದ ಕೊಡು ಎಂಬ ಭಾವದ ಮಾತುಗಳ ನಡುವೆ, ತಮ್ಮಲ್ಲಿ ಒಳ್ಳೆಯದೆನಿಸಿದ ನಡತೆಯನ್ನಷ್ಟೇ ಅನುಸರಿಸಬೇಕು, ಉಳಿದುದನ್ನಲ್ಲ ಎಂದು ಗುರುವು ತಿಳಿಸುತ್ತಾನೆ. ಕಲಿಸಿದವನ ದೋಷವನ್ನು ಕಲಿಯಬೇಡವೆನ್ನುವ ಈ ಧೈರ್ಯವೇ ದೊಡ್ಡ ಪಾಠ. ಇಚ್ಛೆಯ ಶಿಕ್ಷಣವು ಪುಸ್ತಕದಿಂದಲ್ಲ, ಮತ್ತೊಬ್ಬರ ಬಾಳನ್ನು ಹತ್ತಿರದಿಂದ ಕಾಣುವುದರಿಂದ ಆಗುವುದೆಂಬುದು ಇದರ ತಾತ್ಪರ್ಯ.

ಹಾಗಾದರೆ ಇಚ್ಛೆಯನ್ನು ಸರಿದಾರಿಗೆ ತರುವ ಕೆಲಸದಲ್ಲಿ ವಿಶ್ವವಿದ್ಯಾಲಯಕ್ಕೆ ಪಾಲಿಲ್ಲವೇ? ಇದೆ, ಅದು ಋಣದ ಅರಿವನ್ನು ಹುಟ್ಟಿಸುವುದು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪಿತವಾದಾಗ, ಅದರ ಖರ್ಚಿನಲ್ಲಿ ಕಾಲೇಜಿನ ಬಾಗಿಲನ್ನು ಎಂದೂ ಕಾಣದ ರೈತನ ಕಂದಾಯವೂ ಸೇರಿತ್ತು. ಆ ಸಾಲವನ್ನು ಅರಿತವರೂ ಇದ್ದರು. ಊರೂರಿಗೆ ಹೋಗಿ ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ತಿಳಿಸುವ ಪ್ರಚಾರೋಪನ್ಯಾಸಗಳು 1930ರ ದಶಕದಲ್ಲಿ ನಡೆದವು. ಅವುಗಳ ಕಿರುಹೊತ್ತಗೆಗಳು ಅಲ್ಪ ಬೆಲೆಗೆ ದೊರೆತವು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಈ ಕಾರ್ಯಕ್ಕೆ ಬಲವಿತ್ತರು. ವಿದ್ವಾಂಸನು ಕೇಳುವವರಿಗೆ ಅರ್ಥವಾಗುವಂತೆ ಅವರ ನುಡಿಯಲ್ಲಿ ಮಾತಾಡಲು ಕಲಿತಾಗ, ಯಾರ ಹಣದಿಂದ ತಾನು ಓದಿದೆನೆಂಬುದು ಅವನ ಕಣ್ಣೆದುರಿಗೇ ಕುಳಿತಿರುವುದು. ಗ್ರಂಥಾಲಯದಲ್ಲಿ ಹುಟ್ಟದ ಈ ಅರಿವು ಹಳ್ಳಿಯ ಕಟ್ಟೆಯ ಮೇಲೆ ಹುಟ್ಟಬಲ್ಲದು.

ಆದುದರಿಂದ ಸಿದ್ಧಾಂತವಿದು: ವಿಶ್ವವಿದ್ಯಾಲಯದ ಓದು ಲೋಕಹಿತಕ್ಕೆ ಕಣ್ಣನ್ನೂ ಕೈಯನ್ನೂ ಕೊಡುತ್ತದೆ, ದಿಕ್ಕನ್ನು ತಾನಾಗಿ ಕೊಡುವುದಿಲ್ಲ. ಋಣವನ್ನು ನೆನಪಿಸುವ ಅಧ್ಯಾಪಕನಿದ್ದು, ಕಲಿತದ್ದನ್ನು ಕಷ್ಟದಲ್ಲಿರುವವರ ಬಳಿ ಒಯ್ಯುವ ಏರ್ಪಾಡಿದ್ದರೆ ದಿಕ್ಕೂ ದೊರೆಯುವುದು. ಇವೆರಡೂ ಇಲ್ಲದ ವಿಶ್ವವಿದ್ಯಾಲಯವು ಹರಿತವಾದ ಕತ್ತಿಗಳನ್ನು ಮಸೆದುಕೊಡುವ ಕುಲುಮೆಯಾದೀತೇ ಹೊರತು ಬೇರೇನೂ ಆಗದು.

ಈ ಹೊಣೆಯಲ್ಲಿ ಮನೆಗೂ ಪಾಲುಂಟು. ಪದವಿ ಪಡೆದು ಬಂದ ಮಗನನ್ನು ಎಲ್ಲರೂ ಸಂಬಳವೆಷ್ಟೆಂದು ಕೇಳುತ್ತಾರೆ. ಕೇಳಬಾರದೆಂದಲ್ಲ, ಹೊಟ್ಟೆಯ ಮಾತು ದೊಡ್ಡದೇ. ಆದರೆ ಅದೊಂದನ್ನೇ ಕೇಳುವ ಮನೆಯಲ್ಲಿ ಬೆಳೆದವನು ತನ್ನ ಓದಿನ ಪ್ರಯೋಜನವೂ ಅದೊಂದೇ ಎಂದು ತಿಳಿದರೆ ತಪ್ಪು ಅವನೊಬ್ಬನದಲ್ಲ. ನಿನ್ನ ವಿದ್ಯೆಯಿಂದ ಯಾರ ಯಾವ ಕಷ್ಟ ತುಸುವಾದರೂ ಕಡಮೆಯಾಯಿತೆಂಬ ಪ್ರಶ್ನೆಯನ್ನು ತಾಯಿತಂದೆಗಳು ಊಟದ ಎಲೆಯ ಮುಂದೆ ಆಗಾಗ ಕೇಳುವಂತಾದರೆ, ಘಟಿಕೋತ್ಸವದ ಭಾಷಣಗಳಿಂದಾಗದ ಕೆಲಸ ಅದರಿಂದ ಆಗುವುದು.