ಕ್ಯಾಮೆರಾ ಕಂಡದ್ದನ್ನು ಯಾರಿಗೆ ಹೇಳೋಣ?

ಯೌವನಸ್ಥರ ಕೂಟದ ಸಂದೇಶ, ಕೊರಟಗೆರೆ
ವಾಕ್ಯಭಾಗ: ಜ್ಞಾನೋಕ್ತಿಗಳು 25:8–10, ಆದಿಕಾಂಡ 9:20–23, ಮತ್ತಾಯ 18:15–17

  

ಸತ್ಯವೇದ ತೆಗೆಯಿರಿ. ಫೋನಿನಲ್ಲಿ ಓದೋರು ಫೋನ್ ತೆಗೆಯಿರಿ, ಪರವಾಗಿಲ್ಲ. ಇವತ್ತಿನ ಸಂದೇಶವೂ ಆ ಫೋನಿನ ಬಗ್ಗೆಯೇ. ಜ್ಞಾನೋಕ್ತಿಗಳು 25ನೇ ಅಧ್ಯಾಯ, 8ರಿಂದ 10. ಒಬ್ಬ ಸಹೋದರಿ ಗಟ್ಟಿಯಾಗಿ ಓದಲಿ.

(ವಾಕ್ಯ ಓದಲಾಯಿತು.)

ಆಮೆನ್. ಇವು ಸೊಲೊಮೋನನ ಜ್ಞಾನೋಕ್ತಿಗಳು. ಅರಸನಾದ ಹಿಜ್ಕೀಯನ ಜನರು ಇವನ್ನು ಬರೆದಿಟ್ಟರು ಅಂತ ಇದೇ ಅಧ್ಯಾಯದ ಮೊದಲ ವಚನದಲ್ಲಿದೆ. ಆ ಕಾಲದಲ್ಲಿ ಕ್ಯಾಮೆರಾ ಇರಲಿಲ್ಲ. ಆದರೆ ನೆರೆಯವನು ಇದ್ದ, ಜಗಳ ಇತ್ತು, ನೋಡೋ ಕಣ್ಣು ಇತ್ತು, ಹೇಳೋ ಬಾಯಿ ಇತ್ತು. ಅದಕ್ಕೇ ವಾಕ್ಯ ಹೇಳುತ್ತೆ: ಅವಸರದಿಂದ ವ್ಯಾಜ್ಯಕ್ಕೆ ಓಡಬೇಡ. ನಿನ್ನ ನೆರೆಯವನ ಹತ್ತಿರವೇ ನಿನ್ನ ಮಾತು ಮುಗಿಸಿಕೋ. ಇನ್ನೊಬ್ಬನ ಗುಟ್ಟನ್ನು ಹೊರಗೆ ಹಾಕಬೇಡ. ಹಾಕಿದರೆ ಕೇಳಿದವನೇ ನಿನ್ನನ್ನು ನಾಚಿಸ್ತಾನೆ, ಆ ಕೆಟ್ಟ ಹೆಸರು ನಿನ್ನನ್ನು ಬಿಡೋದಿಲ್ಲ. ಕೆಟ್ಟ ಹೆಸರು ಯಾರಿಗೆ ಬಂತು? ತಪ್ಪು ಮಾಡಿದವನಿಗೆ ಅಲ್ಲ, ತೋರಿಸಿದವನಿಗೆ. ಹಲ್ಲೆಲೂಯಾ!

ಇಲ್ಲಿರೋರಲ್ಲಿ ತುಂಬಾ ಜನ ವಾರವೆಲ್ಲ ತುಮಕೂರಿನಲ್ಲೋ ಬೆಂಗಳೂರಿನಲ್ಲೋ ದುಡಿದು, ಶನಿವಾರ ಬಸ್ ಹತ್ತಿ ಊರಿಗೆ ಬರೋರು. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಅವರ ಕ್ಷೇಮಕ್ಕೆ ಅಂತ ಬಾಗಿಲ ಮೇಲೆ ಒಂದು ಕ್ಯಾಮೆರಾ ಹಾಕಿಸಿದ್ದೀರಿ. ಒಳ್ಳೆಯದೇ. ಕ್ಯಾಮೆರಾ ಹಾಕಿಸೋದು ಪಾಪ ಅಂತ ನಾನು ಹೇಳ್ತಾ ಇಲ್ಲ. ಕಾವಲು ಇರಬೇಕು.

ಆದರೆ ಪಕ್ಕದ ಮನೆಯವರ ಜೊತೆ ಮನಸ್ತಾಪ ಇದೆ ಅಂದುಕೊಳ್ಳಿ. ಮೋರಿ ನೀರು ನಮ್ಮ ಕಡೆಗೆ ಬಿಡ್ತಾರೆ. ಗಾಡಿ ಅಡ್ಡ ನಿಲ್ಲಿಸ್ತಾರೆ. ಅವರ ಮರದ ತೆಂಗಿನ ಗರಿ ನಮ್ಮ ಶೀಟಿನ ಮೇಲೆ ಬೀಳುತ್ತೆ. ಮೂರು ವರ್ಷದಿಂದ ಅದೇ ಗಲಾಟೆ. ಒಂದು ರಾತ್ರಿ ನೀವು ಬೆಂಗಳೂರಿನ ರೂಮಿನಲ್ಲಿ ಕೂತು ಫೋನ್ ನೋಡ್ತೀರಿ. ಪಕ್ಕದ ಮನೆಯ ಯಜಮಾನ ನಿಮ್ಮ ಗೇಟಿನ ಮುಂದೆ ನಿಂತು ಬೈತಾ ಇದ್ದಾನೆ, ಕುಡಿದಿದ್ದಾನೆ, ಪಂಚೆ ಸರಿಯಿಲ್ಲ. ನಲವತ್ತು ಸೆಕೆಂಡ್ ಕಟ್ ಮಾಡ್ತೀರಿ. ಬಡಾವಣೆ ಗ್ರೂಪಿಗೆ ಒಂದು, ಸ್ಟೇಟಸ್‌ಗೆ ಒಂದು, ಕೆಳಗೆ ನಗೋ ಇಮೋಜಿ. ನೀವು ಮಲಗಿಬಿಡ್ತೀರಿ. ಬೆಳಿಗ್ಗೆ ಅವನ ಮುಖ ನೋಡಬೇಕಾದವರು ಯಾರು? ನಿಮ್ಮ ಅಮ್ಮ. ನಲ್ಲಿ ಹತ್ತಿರ ಅವನ ಹೆಂಡತಿ ಎದುರು ನಿಲ್ಲಬೇಕಾದವರು ನಿಮ್ಮ ಅಮ್ಮ. ಸ್ಕೂಲಿನಲ್ಲಿ ಆ ವಿಡಿಯೊ ತೋರಿಸಿ ರೇಗಿಸಿದಾಗ ಅಳೋದು ಅವನ ಮಗಳು. ಆ ಮಗು ನಿಮ್ಮ ಗೇಟಿಗೆ ಏನು ಮಾಡಿತ್ತು?

ಈಗ ಆದಿಕಾಂಡ 9ಕ್ಕೆ ಬನ್ನಿ. ನೋಹ ದ್ರಾಕ್ಷಾರಸ ಕುಡಿದು ಗುಡಾರದಲ್ಲಿ ಬಟ್ಟೆಯಿಲ್ಲದೆ ಬಿದ್ದಿದ್ದ. ಇದು ಸುಳ್ಳು ಆರೋಪ ಅಲ್ಲ, ನಿಜವಾಗಿಯೂ ನಡೆದದ್ದು. ಹಾಮ್ ನೋಡಿದ. ನೋಡಿ ಏನು ಮಾಡಿದ? ಹೊರಗೆ ಹೋಗಿ ಹೇಳಿದ. ಶೇಮ್ ಮತ್ತು ಯೆಫೆತ್ ಏನು ಮಾಡಿದರು? ಹೆಗಲ ಮೇಲೆ ಬಟ್ಟೆ ಹಾಕಿಕೊಂಡು, ಹಿಮ್ಮುಖವಾಗಿ ನಡೆದು ಹೋಗಿ ತಂದೆಯನ್ನು ಮುಚ್ಚಿದರು. ಹಾಮ್ ಹೇಳಿದ್ದು ಸತ್ಯವೇ. ಆದರೂ ಅವನ ಮನೆತನಕ್ಕೆ ಬಂದದ್ದು ಶಾಪ. ನಮ್ಮ ಯೌವನಸ್ಥರು ಯಾವಾಗಲೂ ಒಂದು ಮಾತು ಹೇಳ್ತಾರೆ: "ಪಾಸ್ಟರ್, ನಾನೇನು ಸುಳ್ಳು ಹಾಕಿಲ್ಲ, ಇದ್ದದ್ದನ್ನೇ ಹಾಕಿದ್ದೀನಿ." ಮಗನೇ, ಹಾಮ್ ಕೂಡ ಇದ್ದದ್ದನ್ನೇ ಹೇಳಿದ.

ಇನ್ನೊಂದು ಮಾತು. ಕ್ಯಾಮೆರಾ ಪೂರ್ತಿ ಸತ್ಯ ಹೇಳುತ್ತಾ? ಕಟ್ ಮಾಡಿದ ನಲವತ್ತು ಸೆಕೆಂಡಿಗೆ ಮೊದಲು ನಿಮ್ಮ ಅಪ್ಪ ಏನು ಬೈದಿದ್ದರು ಅನ್ನೋದು ಅದರಲ್ಲಿ ಇದೆಯಾ? 2018ರಲ್ಲಿ ನಮ್ಮ ದೇಶದಲ್ಲೆಲ್ಲ ಒಂದು ವಿಡಿಯೊ ಓಡಾಡಿತು. ಬೈಕಿನಲ್ಲಿ ಬಂದ ಇಬ್ಬರು ಗಲ್ಲಿಯಲ್ಲಿ ಆಡ್ತಿದ್ದ ಮಗುವನ್ನು ಎತ್ತಿಕೊಂಡು ಹೋಗ್ತಾರೆ. ನೋಡೋಕೆ ಥೇಟ್ ಸಿಸಿಟಿವಿ ದೃಶ್ಯ. ನಿಜ ಏನು ಅಂದರೆ, ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಜಾಗೃತಿಗೆ ಮಾಡಿದ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಬರಹ ತೋರಿಸ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿಬಿಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಸುದ್ದಿ ಊರೂರಿಗೆ ಹಬ್ಬಿತು. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ಒಬ್ಬನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವ ಇಂಜಿನಿಯರ್ ಸತ್ತ. ಅವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಕಾರು ಮುಂದಿನ ಊರಿಗೆ ಹೋಗೋ ಹೊತ್ತಿಗೆ ವಾಟ್ಸಾಪ್ ಸಂದೇಶ ಅಲ್ಲಿಗೆ ತಲುಪಿತ್ತು. ಬಿಡಿಸೋಕೆ ಹೋದ ಪೊಲೀಸರಿಗೂ ಏಟು ಬಿತ್ತು. ಫಾರ್ವರ್ಡ್ ಮಾಡಿದವರಲ್ಲಿ ಯಾರೂ "ನಾನು ಕೊಲೆ ಮಾಡ್ತಾ ಇದ್ದೀನಿ" ಅಂದುಕೊಂಡಿರಲಿಲ್ಲ. "ಎಲ್ಲರಿಗೂ ಗೊತ್ತಾಗಲಿ" ಅಂದುಕೊಂಡಿದ್ದರು. ನಮ್ಮ ಜಗಳದಲ್ಲೂ ನಾವು ಅದೇ ಮಾತು ಹೇಳ್ತೀವಿ, ಅಲ್ವಾ?

ಹಾಗಾದರೆ ಸುಮ್ಮನೆ ಸಹಿಸಿಕೊಳ್ಳಬೇಕಾ? ಇಲ್ಲ. ಮತ್ತಾಯ 18ರಲ್ಲಿ ಕರ್ತನು ದಾರಿ ತೋರಿಸಿದ್ದಾನೆ. ಅಲ್ಲಿ ಸಹೋದರನ ಬಗ್ಗೆ ಹೇಳಿದೆ. ಆದರೆ ಆ ಕ್ರಮ ನೆರೆಯವರ ವಿಷಯಕ್ಕೂ ನಮ್ಮನ್ನು ನಡೆಸುತ್ತೆ. ಮೂರು ಮೆಟ್ಟಿಲು ಬರೆದುಕೊಳ್ಳಿ.

ಮೊದಲನೆಯದು, ಅವನ ಹತ್ತಿರವೇ ಹೋಗು. ಒಬ್ಬನೇ ಹೋಗು. ಕುಡಿದಿರೋವಾಗ ಅಲ್ಲ, ಬೆಳಿಗ್ಗೆ ಹೋಗು. ಬೇಕಾದರೆ ವಿಡಿಯೊ ಅವನಿಗೆ ಮಾತ್ರ ತೋರಿಸು: "ಅಣ್ಣಾ, ನಿನ್ನೆ ರಾತ್ರಿ ಹೀಗಾಯ್ತು. ಇದನ್ನು ನಾನು ಯಾರಿಗೂ ಕಳಿಸಿಲ್ಲ. ಮೋರಿ ವಿಷಯ ಮಾತಾಡಿ ಮುಗಿಸೋಣ." ಯಾರಿಗೂ ಕಳಿಸಿಲ್ಲ ಅನ್ನೋ ಆ ಒಂದು ಮಾತಿಗೆ ಎಷ್ಟು ಬಲ ಇದೆ ಗೊತ್ತಾ? ಆದರೆ ಅದನ್ನೇ ಬೆದರಿಕೆ ಮಾಡಿಕೊಳ್ಳಬೇಡಿ. "ಹಾಕಿಬಿಡ್ತೀನಿ ನೋಡು" ಅಂದರೆ ಅದು ಸಮಾಧಾನ ಅಲ್ಲ.

ಎರಡನೆಯದು, ಕೇಳಲಿಲ್ಲ ಅಂದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಇಬ್ಬರೂ ಮರ್ಯಾದೆ ಕೊಡೋ ಹಿರಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ಒಬ್ಬಿಬ್ಬರು ಅಂದರೆ ಒಬ್ಬಿಬ್ಬರೇ. ಇನ್ನೂರು ಜನರ ಗ್ರೂಪ್ ಸಾಕ್ಷಿ ಅಲ್ಲ, ಅದು ಜಾತ್ರೆ.

ಮೂರನೆಯದು, ಅಪರಾಧ ಆಗಿದ್ದರೆ ಅಧಿಕಾರಿಗಳ ಹತ್ತಿರ ಹೋಗು. ಇಲ್ಲಿ ಗಮನ ಕೊಡಿ. ಕೈ ಮಾಡಿದ್ದಾರೆ, ಮನೆಗೆ ನುಗ್ಗಿದ್ದಾರೆ, ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ತೊಂದರೆ ಕೊಟ್ಟಿದ್ದಾರೆ ಅಂದರೆ, ಪ್ರೀತಿ ಮುಚ್ಚುತ್ತೆ ಅಂತ ಹೇಳಿ ಅದನ್ನು ಅಡಗಿಸಬೇಡಿ. ಇಂಥ ಸಮಯದಲ್ಲಿ ಮೊದಲ ಎರಡು ಮೆಟ್ಟಿಲಿಗೆ ಕಾಯಬೇಕಿಲ್ಲ. ಸಾಕ್ಷಿ ಗೊತ್ತಿದ್ದೂ ಹೇಳದವನು ದೋಷ ಹೊರಬೇಕು ಅಂತ ಯಾಜಕಕಾಂಡ 5:1 ಕಲಿಸುತ್ತೆ. ತುರ್ತು ಇದ್ದರೆ 112ಕ್ಕೆ ಫೋನ್ ಮಾಡಿ. ರೆಕಾರ್ಡಿಂಗ್ ಪೆಟ್ಟಿಗೆಯಲ್ಲಿ ಜಾಗ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಕೂತುಬಿಡುತ್ತೆ, ಅದಕ್ಕೆ ತಡ ಮಾಡದೆ ಪೂರ್ತಿ ಭಾಗ ತೆಗೆದಿಡಿ. ಕತ್ತರಿಸಬೇಡಿ, ಹಾಡು ಸೇರಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಇಂಥ ನಕಲನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು. ವಕೀಲರನ್ನು ಕೇಳಿ ಮಾಡಿಸಿ. ಸ್ಟೇಟಸ್ ಹಾಕಿದರೆ ನ್ಯಾಯ ಸಿಗೋದಿಲ್ಲ, ಲೈಕ್ ಸಿಗುತ್ತೆ.

ಇನ್ನು ಕ್ಯಾಮೆರಾ ಹೇಗೆ ಇಟ್ಟಿದ್ದೀರಿ ಅನ್ನೋದು. ಧರ್ಮೋಪದೇಶಕಾಂಡ 22:8 ನೋಡಿ. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತುಗೋಡೆ ಕಟ್ಟಬೇಕು, ಯಾರೂ ಬಿದ್ದು ಸಾಯಬಾರದು ಅಂತ ದೇವರು ಆಜ್ಞೆ ಕೊಟ್ಟ. ಮನೆ ನಿನ್ನದು, ಆದರೆ ನಿನ್ನ ಮನೆಯಿಂದ ಇನ್ನೊಬ್ಬನಿಗೆ ಹಾನಿ ಆದರೆ ಹೊಣೆಯೂ ನಿನ್ನದೇ. ನಮ್ಮ ಊರಿನಲ್ಲಿ ಹಿತ್ತಲಲ್ಲಿ ಬಚ್ಚಲು ಇರೋ ಮನೆಗಳು ಇನ್ನೂ ಇವೆ. ನಿಮ್ಮ ಕ್ಯಾಮೆರಾ ಪಕ್ಕದವರ ಬಚ್ಚಲಿಗೆ, ಕಿಟಕಿಗೆ ಮುಖ ಮಾಡಿದೆಯಾ? ಇವತ್ತೇ ತಿರುಗಿಸಿ. ಎಷ್ಟೋ ಕ್ಯಾಮೆರಾಗಳ ಆ್ಯಪಿನಲ್ಲಿ ಬೇಡದ ಜಾಗವನ್ನು ಕಪ್ಪು ಮಾಡೋ ಸೌಲಭ್ಯ ಇರುತ್ತೆ. ಅದೇ ನಿಮ್ಮ ಸುತ್ತುಗೋಡೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಯಾರದೇ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆದರೆ, ಹಂಚಿದರೆ ಐಟಿ ಕಾಯ್ದೆಯ 66ಇ ಕಲಮಿನಲ್ಲಿ 3 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಲೋಕದ ಕಾನೂನೇ ಇಷ್ಟು ಹೇಳಿದರೆ, ಕೃಪೆ ಹೊಂದಿದ ನಾವು ಇನ್ನೆಷ್ಟು ಎಚ್ಚರವಾಗಿರಬೇಕು!

ದೇವಜನರೇ, ನಮ್ಮ ಬಾಗಿಲ ಮೇಲೆ ವಾಕ್ಯದ ಬೋರ್ಡ್ ಇದೆ. ಅದರ ಪಕ್ಕದಲ್ಲೇ ಕ್ಯಾಮೆರಾ ಇದೆ. ಬೀದಿಯವರು ಎರಡನ್ನೂ ನೋಡ್ತಾರೆ. ಆ ಮನುಷ್ಯನ ಮಗಳಿಗೆ ನಾಳೆ ಕಾಯಿಲೆ ಬಂದಾಗ, "ನಿಮ್ಮ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸ್ತೀರಾ" ಅಂತ ನಿಮ್ಮ ಬಾಗಿಲು ತಟ್ಟೋ ಹಾಗೆ ಇರಬೇಕಾ, ಅಥವಾ ಆ ಬಾಗಿಲನ್ನು ಒಂದು ಫಾರ್ವರ್ಡ್ ಶಾಶ್ವತವಾಗಿ ಮುಚ್ಚಿಬಿಡಬೇಕಾ?

ದೇವರೂ ನೋಡ್ತಾನೆ. ಅಡವಿಯಲ್ಲಿ ಹಾಗರಳು ಆತನಿಗೆ ನೋಡುವ ದೇವರು ಅಂತಲೇ ಹೆಸರಿಟ್ಟಳು. ನಮ್ಮ ಕೋಣೆಯ ಒಳಗಿನದು, ಫೋನಿನ ಒಳಗಿನದು, ಎಲ್ಲದರ ರೆಕಾರ್ಡಿಂಗ್ ಆತನ ಹತ್ತಿರ ಇದೆ. ಆತನು ಅದನ್ನು ಬೀದಿಗೆ ಹಾಕಿದನಾ? ಇಲ್ಲ. ತನ್ನ ಮಗನ ರಕ್ತದಿಂದ ಮುಚ್ಚಿದನು. ಹಲ್ಲೆಲೂಯಾ! ಹಾಗೆ ಮುಚ್ಚಿಸಿಕೊಂಡ ನಾವು ಇನ್ನೊಬ್ಬರನ್ನು ಬೆತ್ತಲೆ ಮಾಡೋದು ಹೇಗೆ?

ಎಲ್ಲರೂ ಎದ್ದು ನಿಲ್ಲಿ. ಕಣ್ಣು ಮುಚ್ಚಿ. ಫೋನಿನಲ್ಲಿ ಅಂಥ ವಿಡಿಯೊ ಇಟ್ಟುಕೊಂಡಿರೋರು ಈಗ ಕರ್ತನ ಮುಂದೆ ತೀರ್ಮಾನ ಮಾಡಿ. ಸಾಕ್ಷಿಗೆ ಬೇಕಾದದ್ದು ಇರಲಿ, ಸೇಡಿಗೆ ಇಟ್ಟದ್ದು ಹೋಗಲಿ. ಈಗಾಗಲೇ ಹಾಕಿದ್ದರೆ ಇವತ್ತೇ ತೆಗೆಯಿರಿ. ಹಾಕಿದ ಗ್ರೂಪಿನಲ್ಲೇ "ನಾನು ಹಾಕಬಾರದಿತ್ತು, ದಯವಿಟ್ಟು ಯಾರೂ ಹಂಚಬೇಡಿ" ಅಂತ ಬರೆಯಿರಿ. ನಾಳೆ ಕೆಲಸಕ್ಕೆ ಬಸ್ ಹತ್ತೋ ಮೊದಲು ಆ ಮನೆಗೆ ಹೋಗಿ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ಎಲ್ಲವನ್ನೂ ಕಂಡೂ ನಮ್ಮನ್ನು ನಾಚಿಕೆಗೆ ಒಪ್ಪಿಸದ ನಿನಗೆ ಸ್ತೋತ್ರ. ನಮ್ಮ ಕಣ್ಣುಗಳನ್ನು, ನಮ್ಮ ಬೆರಳುಗಳನ್ನು ಶುದ್ಧಮಾಡು. ಕಷ್ಟ ಕೊಡುವ ನೆರೆಯವರನ್ನು ಆಶೀರ್ವದಿಸು. ಅವರ ಮನೆಬಾಗಿಲಿಗೆ ಹೋಗೋ ಧೈರ್ಯವನ್ನು ನಿನ್ನ ಪವಿತ್ರಾತ್ಮನಿಂದ ಈ ಯೌವನಸ್ಥರಿಗೆ ಕೊಡು. ಅನ್ಯಾಯ ಅನುಭವಿಸುತ್ತಿರೋರಿಗೆ ನೀನೇ ನ್ಯಾಯ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.